ತೊಟ್ಟಿಲ ಕೊಂಡಿಗೆ ತೂಗುಬಿಟ್ಟ ಮೈಕು

ಚಿಗವ್ವನ ಫೋನು ಬಂದಾಗ ನಾನು ಅಂಗಳದ ಮಲ್ಲಿಗೆ ಬಳ್ಳಿಯ ಮೇಲೆ ಕೂತಿದ್ದ ಹಸಿರು ಹುಳುವೊಂದರ ವಿಡಿಯೋ ಮಾಡುತ್ತಿದ್ದೆ. ಹುಳು ಎಲೆಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ತಿನ್ನುತ್ತಿತ್ತು. ಇನ್ನೇನು ಎಲೆ ಮುಗಿಯಬೇಕು, ಫೋನು ಬಂತು, ವಿಡಿಯೋ ಅಲ್ಲಿಗೇ ನಿಂತಿತು. ಹೀಗೆ ಅರ್ಧಕ್ಕೆ ನಿಂತ ಹುಳು, ಹೂವು, ಹೂವು ಮಾರುವವಳ ಬೆರಳು ನನ್ನ ಬಳಿ ಬಹಳ ಇವೆ.

"ದವಾಖಾನಿಗೆ ಹೋಗಿದ್ವಿ, ನೆಹರು ನಗರಕ್ಕ," ಅಂದಳು ಚಿಗವ್ವ. ನನ್ನ ತಾಯಿಯ ತಂಗಿ ಆಕೆ, ನಾವಿರುವ ಬೆಳಗಾವಿಯ ಪಕ್ಕದ ಖಾನಾಪುರದಲ್ಲಿರುತ್ತಾಳೆ. "ಕೊಳ್ಳಾಗಿನ ಗಂಟು ತಗೀಬೇಕಂತ. ಜೀವಕ್ಕ ಏನೂ ಇಲ್ಲಂತ. ದನಿಗೆ ಏನರೆ ಆಗಬಹುದಂತ."

"ಏನರೆ ಅಂದ್ರ ಏನು ಚಿಗವ್ವಾ?"

"ಸ್ವಲ್ಪ ದಿನ ಕೂತು ಆಮ್ಯಾಲೆ ಏಳಬಹುದು. ಇಲ್ಲಾಂದ್ರ ಕುಂತಲ್ಲೇ ಕುಂದರಬಹುದು. ಡಾಕ್ಟರು ಮುಚ್ಚಿಡಲಾರದ ಹೇಳ್ಯಾರ ನೋಡು, ಚಲೋ ಮನಶ್ಯಾ."

ತನ್ನ ಗಂಟಲಿನ ಸುದ್ದಿ ಹೇಳುವಾಗಲೂ ಡಾಕ್ಟರನ್ನು ಹೊಗಳುವುದು ಆಕೆಗಷ್ಟೇ ಸಾಧ್ಯ. ಆಕೆಯೇ ಮುಂದುವರಿಸಿದಳು: "ಆಪರೇಷನ್ನಿಗೆ ಇನ್ನ ಹದಿನೈದು ದಿನಾ ಐತಿ. ಇಕಿ ಹಡಿಯೂದು ಎರಡು ತಿಂಗಳಿಗೆ. ನೀ ಹುಳದ್ದು ಹೂವಿಂದು ತಗಿತಿ ಅಲ್ಲಾ, ನಂದೊಂದು ತಗದಿಡು. ಫೋಟೋ ಬ್ಯಾಡ, ನನ್ನ ಫೋಟೋ ಭಾಳ ಅದಾವ. ಜೋಗುಳ ಹಿಡದಿಡು."

'ಇಕಿ' ಅಂದರೆ ಆಕೆಯ ಒಬ್ಬಳೇ ಮಗಳು, ನನ್ನ ತಂಗಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಈಗ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು.

ಖಾನಾಪುರದ ಅವರ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಚಿಗವ್ವನಿಗೆ ಕರೆ ಬರುತ್ತಿತ್ತು. ಓಣಿ ಅರ್ಧ ಕನ್ನಡ, ಅರ್ಧ ಮರಾಠಿ. ಆಕೆಯ ಜೋಗುಳವೂ ಹಾಗೇ, ಒಂದು ನುಡಿ ಕನ್ನಡದ್ದು, ಮುಂದಿನದು ಮರಾಠಿಯದು. ಧಾಟಿ ತನ್ನ ತಾಯಿಯಿಂದ ಬಂದದ್ದು, ಮಾತು ಮಾತ್ರ ಕೂಸಿಗೆ ತಕ್ಕಂತೆ ಆಕೆಯೇ ಕಟ್ಟುವುದು. ಅಪ್ಪ ಹಂಚಿನ ಕಾರ್ಖಾನೆಯವನಾದರೆ ಹಾಡಿನಲ್ಲಿ ಹಂಚು, ಅಜ್ಜಿ ಜಗಳಗಂಟಿಯಾದರೆ ಅದೂ. ನನ್ನ ಮಗಳ ಜೋಗುಳದಲ್ಲಿ ನಮ್ಮ ಅತ್ತೆ ಬಿಗಿಯಾಗಿ ಮುಚ್ಚಿಡುವ ಚಹಾಪುಡಿ ಡಬ್ಬಿ ಬಂದಿತ್ತು. ಅತ್ತೆಯೇ ಮೊದಲು ನಕ್ಕಿದ್ದರು. ಓಣಿಯ ಕೂಸುಗಳಿಗೆಲ್ಲ ಹಾಡಿದವಳಿಗೆ ತನ್ನ ಮೊಮ್ಮಗುವಿನ ಸರದಿಗೆ ದನಿ ಇರುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ದನಿ ಹಿಡಿ ಅಂದಳು ನಿಜ. ಆದರೆ ತೊಟ್ಟಿಲ ಹಗ್ಗ ಎಳೆಯುವ ಕೈಯನ್ನು ಬಿಟ್ಟು ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಕೈಯೂ ಬೇಕು, ದನಿಯೂ ಬೇಕು.

ನಮ್ಮ ಮನೆಯವರು ಕೇಳಿದರು: "ಫೋನ್ಯಾಗ ಬರೂದಿಲ್ಲೇನು?"

ಹಿಂದೊಮ್ಮೆ ಒಂದು ನಾಮಕರಣದಲ್ಲಿ ಫೋನಿನಲ್ಲಿ ಹಿಡಿದದ್ದನ್ನು ಅವರಿಗೆ ಕೇಳಿಸಿದೆ. ಕುಕ್ಕರಿನ ಸೀಟಿ, ಫ್ಯಾನು, ಹುಡುಗರ ಗದ್ದಲ; ಅದರೊಳಗೆ ಎಲ್ಲೋ ಬಾವಿಯ ತಳದಿಂದ ಬಂದಂತೆ ಚಿಗವ್ವ. ಅವರು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುವವರು. ಎರಕ ಹೊಯ್ದ ಬಿಡಿಭಾಗಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಾದ ಕೇಳಿ ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುತ್ತಾರೆ. ಕಣ್ಣು ಮುಚ್ಚಿ ಕೇಳಿದರು.

"ಇದು ಒಡಕ ಐತಿ," ಅಂದರು. "ನಡಿ, ಚಲೋದು ನೋಡು."

ನಮ್ಮ ಟಿಳಕವಾಡಿಯಲ್ಲೇ, ಸ್ಟೇಷನ್ನಿನ ಕಡೆ ಹೋಗುವ ರಸ್ತೆಯಲ್ಲಿ, ಒಂದು ಸಣ್ಣ ಕ್ಯಾಮೆರಾ ಅಂಗಡಿ ಇದೆ. ಮಾಲಕರು ವಯಸ್ಸಾದ ಜೈನರು. ಬಹಳ ವರ್ಷ ಮದುವೆಗಳ ವಿಡಿಯೋ ತೆಗೆದು, ಮೊಣಕಾಲು ನೋವಾದ ಮೇಲೆ ಅಂಗಡಿ ಹಿಡಿದು ಕೂತವರು. ನಾನು ಹೋದಾಗ ಸಂಜೆ ಐದು ದಾಟಿತ್ತು. ಗಾಜಿನ ಕಪಾಟಿನಲ್ಲಿ ಥಳಥಳಿಸುತ್ತಿದ್ದ ದೊಡ್ಡ ಕ್ಯಾಮೆರಾ ಒಂದನ್ನು ತೋರಿಸಿ, ಇದು ಹೇಗೆ ಅಂತ ಕೇಳಿದೆ.

"ಯಾರು ಕುಂದರತಾರ ಇದರ ಮುಂದ?"

ಹೇಳಿದೆ. ಗಂಟಲಿನ ಗಂಟು, ಜೋಗುಳ, ಹದಿನೈದು ದಿನ, ಎಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಂಗಾದ್ರ ಇದು ಬ್ಯಾಡ್ರಿ ಅಕ್ಕಾರ. ಫೋಟೋಕ್ಕ ರಾಜಾ ಇದು, ಖರೇ. ಆದ್ರ ಫೋಕಸ್ ಹುಡುಕಾಕ ಒಳಗ ಸುರ್ ಅಂತ ತಿರಗತದ. ಮದವಿ ಗದ್ದಲದಾಗ ನಡೀತದ, ಜೋಗುಳದಾಗ ಅಲ್ಲ." ಕೆಳಗಿನ ಖಾನೆಯಿಂದ ಎರಡು ಕ್ಯಾಮ್‌ಕಾರ್ಡರ್ ತೆಗೆದಿಟ್ಟರು. ಒಂದು ಹೊಚ್ಚಹೊಸದು. ಇನ್ನೊಂದು ಬಳಸಿದ್ದು, ಮೂಲೆಯಲ್ಲಿ ಬಣ್ಣ ಸವೆದಿತ್ತು. "ಈಗ ಇದನ್ನ ಯಾರೂ ಕೇಳೂದಿಲ್ಲ. ಎಲ್ಲಾರ ಕಿಸೇದಾಗೂ ಫೋನು. ನೀವು ಬಣ್ಣ ನೋಡಬ್ಯಾಡ್ರಿ, ತೂತು ನೋಡ್ರಿ."

"ತೂತು?"

ಹೊಸದರ ಮೈಯೆಲ್ಲ ನುಣ್ಣಗಿತ್ತು. ಹಳೆಯದರ ಬಾಜುವಿನ ರಬ್ಬರ್ ಮುಚ್ಚಳ ತೆರೆದರು. ಎರಡು ಸಣ್ಣ ತೂತು, ಕಿವಿ ಚುಚ್ಚಿದಷ್ಟು. "ಇದು ಹೊರಗಿನ ಮೈಕಿಗೆ. ಇದು ನಿಮ್ಮ ಕಿವಿಗೆ. ಇವೆರಡು ಇಲ್ಲದ ಕ್ಯಾಮೆರಾ ಕಿವುಡ ಇದ್ದಂಗ. ಚಿತ್ರ ಸ್ವಲ್ಪ ಮಬ್ಬ ಆದ್ರ ಜನಾ ನೋಡತಾರ. ದನಿ ಒಡದ್ರ ಎದ್ದು ಹೋಗತಾರ."

ಬದಿಯ ಪಟ್ಟಿಯೊಳಗೆ ಕೈ ತೂರಿಸಿ ಎತ್ತಿದೆ. ಅರ್ಧ ಕಿಲೋ ಕುಂದಾ ಡಬ್ಬಿಯಷ್ಟು ಭಾರ. ಹೆಬ್ಬೆರಳು ತಾನಾಗಿಯೇ ಕೆಂಪು ಗುಂಡಿಯ ಮೇಲೆ ಹೋಗಿ ಕೂತಿತು. ಹಿಂದೆ ಹಿಡಿದಿದ್ದ ಯಾವುದೋ ಕೈ ಆ ಪಟ್ಟಿಯನ್ನು ಮೆದುಮಾಡಿ ಕೊಟ್ಟಿತ್ತು.

ಆಮೇಲೆ ಮೈಕುಗಳು ಬಂದವು. ಒಂದು ಸೆರಗಿಗೆ ಸಿಕ್ಕಿಸುವ, ತಂತಿಯಿಲ್ಲದ ಕಾಲರ್ ಮೈಕು, ಕಡಲೆಕಾಳಿನಷ್ಟು. ಇನ್ನೊಂದು ಗೇಣುದ್ದದ ಗನ್ ಮೈಕು. ಎದುರಿಗೆ ಯಾವುದಿದೆಯೋ ಅದನ್ನಷ್ಟೇ ಕೇಳುತ್ತದಂತೆ, ಬಾಜುವಿನದನ್ನು ಬಿಡುತ್ತದಂತೆ. ಗಾಳಿ ತಡೆಯಲು ಅದಕ್ಕೊಂದು ತುಪ್ಪಳದ ಕವಚ. ಅವರು ನನ್ನ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ, ಕಾಲರ್ ಮೈಕನ್ನು ತಮ್ಮ ಅಂಗಿಗೆ ಸಿಕ್ಕಿಸಿಕೊಂಡು ಅಂಗಡಿಯ ಆ ತುದಿಗೆ ಹೋಗಿ ಪಿಸುಮಾತಿನಲ್ಲಿ ಅಂದರು: "ಕಣ್ಣು ಮುಚ್ಚರಿ."

ಮುಚ್ಚಿದೆ. ನನ್ನ ಕಿವಿಯಲ್ಲೇ ನಿಂತು ಮಾತಾಡಿದಂತಿತ್ತು. ಉಸಿರು, ಉಗುಳು ನುಂಗಿದ್ದು, ಜೇಬಿನಲ್ಲಿ ಪೆನ್ನು ಅಲುಗಿದ್ದು ಎಲ್ಲ ಕೇಳಿಸಿತು. ಕಾನ್ವೆಂಟಿನಲ್ಲಿ ಆರನೇ ಇಯತ್ತೆಯಲ್ಲಿದ್ದಾಗ ಸಿಸ್ಟರ್ ಒಬ್ಬರು ಟೇಪ್ ರೆಕಾರ್ಡರ್ ತಂದು ನಮ್ಮ ಪಾಠ ನಮಗೇ ಕೇಳಿಸಿದ್ದರು. ನನ್ನ ದನಿ ಕೇಳಿ, ಇದು ನಾನಲ್ಲ ಎಂದು ಅತ್ತಿದ್ದೆ. ಇಷ್ಟು ವರ್ಷದ ಮೇಲೆ ಮತ್ತೆ ಅದೇ ಬೆರಗು.

"ಈಗ ಒಂದ್ ಹದಿನೈದು ಮಿನಿಟು ಕುಂದರ್ರಿ ಅಕ್ಕಾರ," ಅಂದರು ಅವರು, ಬಾಗಿಲ ಕಡೆ ನೋಡಿ. ಎದುರಿನ ಕಟ್ಟಡದ ನೆತ್ತಿಯ ಮೇಲೆ ಮಾತ್ರ ಬಿಸಿಲಿತ್ತು. "ಹೊತ್ತು ಮುಳುಗಿತಂದ್ರ ನನ್ನ ಊಟ ಹೋತು, ನಮ್ಮಾಗ ರಾತ್ರಿ ಉಣ್ಣೂದಿಲ್ಲ." ಕೌಂಟರಿನ ಹಿಂದೆ ಡಬ್ಬಿ ಬಿಚ್ಚಿ ಕೂತರು. ಮೈಕು ಅಂಗಿಯಲ್ಲೇ ಇತ್ತು, ಅವರಿಗೆ ಮರೆತಿತ್ತು. ರೊಟ್ಟಿ ಮುರಿದದ್ದು, ಹಪ್ಪಳ ಕಡಿದದ್ದು ನನ್ನ ಕಿವಿಯೊಳಗೆ. ಒಬ್ಬರು ಉಣ್ಣುವುದನ್ನು ಹೀಗೆ ಕದ್ದು ಕೇಳುವುದು ಸರಿಯಲ್ಲ ಅನಿಸಿ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಕಾಲರ್ ಮೈಕೇ ಸಾಕು, ಗನ್ ಮೈಕು ನೋಡಿ ಚಿಗವ್ವ ಗಾಬರಿಯಾದಾಳು ಅಂದೆ. ಅವರು ಕೇಳಲಿಲ್ಲ. "ಎರಡೂ ಒಯ್ಯರಿ. ಬ್ಯಾಡಾದ್ದು ಆಮ್ಯಾಲೆ ತಂದು ಕೊಡ್ರಿ. ಒಂದೇ ಮಾತು ನೆನಪಿಡ್ರಿ, ಹಾಡು ಮುಗಿಯೂತನಾ ಹೆಡ್‌ಫೋನು ಕಿವಿ ಬಿಟ್ಟು ಇಳಿಸಬ್ಯಾಡ್ರಿ."

ಹಳೆಯ ಕ್ಯಾಮ್‌ಕಾರ್ಡರ್, ಹೆಡ್‌ಫೋನು, ಎರಡೂ ಮೈಕು ಕೊಂಡು ಮನೆಗೆ ಬಂದು ಮನೆಯವರ ಅಂಗಿಗೆ ಕಾಲರ್ ಮೈಕು ಹಚ್ಚಿ, ಪೇಪರು ಓದಿಸಿ ಪರೀಕ್ಷೆ ಮಾಡಿದೆ. ಗಾಜಿನಷ್ಟು ಸ್ವಚ್ಛ.

ಮುಂದಿನ ರವಿವಾರ ಬೆಳಿಗ್ಗೆ ಖಾನಾಪುರದಲ್ಲಿದ್ದೆ. ಚಿಗವ್ವ ಇಳಕಲ್ ಸೀರೆ ಉಟ್ಟು, ಹೆರಳು ಬಿಗಿದು, ಪಡಸಾಲೆಯಲ್ಲಿ ಆಗಲೇ ತಯಾರಾಗಿ ಕೂತಿದ್ದಳು. ಚೀಲದಿಂದ ಇಣುಕುತ್ತಿದ್ದ ಗನ್ ಮೈಕನ್ನು ನೋಡಿ, "ಇದೇನ ಯವ್ವಾ, ಸತ್ತ ಮುಂಗಲಿ ತಂದೀಯಲ್ಲಾ," ಅಂದಳು. ತುಪ್ಪಳದ ಕವಚ ಮುಂಗುಸಿಯಂತೆಯೇ ಇತ್ತು; ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ತೊಟ್ಟಿಲಾ ಕಟ್ಟೂಣೇನು?" ಅಂದೆ.

"ಛೀ, ಕೂಸಿನ್ನಾ ಒಳಗ ಐತಿ. ಖಾಲಿ ತೊಟ್ಟಿಲಾ ತೂಗಬಾರದು. ಹಗ್ಗಾ ಅಷ್ಟ ಕಟ್ಟು. ಕೈಯಾಗ ಹಗ್ಗಾ ಇಲ್ಲಂದ್ರ ನನಗ ಬಾಯಿ ಬರೂದಿಲ್ಲ."

ಪಡಸಾಲೆಯ ತೊಲೆಗೆ ತೊಟ್ಟಿಲಿಗೆಂದೇ ಬಡಿದ ಎರಡು ಕಬ್ಬಿಣದ ಕೊಂಡಿಗಳಿವೆ. ನಾನೂ ಹಸುಗೂಸಾಗಿ ಅವುಗಳ ಕೆಳಗೆ ತೂಗಿಸಿಕೊಂಡವಳೇ. ಒಂದಕ್ಕೆ ಹಗ್ಗ ಕಟ್ಟಿದೆ. ಚಿಗವ್ವನ ಕುಪ್ಪಸದ ಅಂಚಿಗೆ ಕಾಲರ್ ಮೈಕು ಸಿಕ್ಕಿಸಿ ಸೆರಗು ಹೊದಿಸಿದೆ, ಯಾರಿಗೂ ಕಾಣದಂತೆ. ಹೆಡ್‌ಫೋನು ಹಾಕಿಕೊಂಡೆ. ಆಕೆ ಮೊದಲ ನುಡಿ ಎತ್ತಿದಳು.

ಆಗ ನನ್ನ ಕೈ ಮೇಲೆ ಹೋಯಿತು. ಹಿರಿಯರು ಎದುರಿಗೆ ಕೂತು ಹಾಡುತ್ತಿದ್ದಾರೆ, ನಾನು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದೇನೆ! ಮನೆಯಲ್ಲಿ ಕಲಿತದ್ದೂ, ಸಿಸ್ಟರ್ ಕಲಿಸಿದ್ದೂ ಒಂದೇ ಆಗಿತ್ತು: ದೊಡ್ಡವರು ಬಾಯಿ ತೆರೆದಾಗ ಕೈ ಮಡಿಲಲ್ಲಿ, ಕಣ್ಣು ಎದುರಿಗೆ, ಕಿವಿ ತೆರೆದಿರಬೇಕು. ಹೆಡ್‌ಫೋನು ತೆಗೆದು ಕೊರಳಿಗೆ ಇಳಿಬಿಟ್ಟೆ. ಅಂಗಡಿಯವರ ಮಾತು ನೆನಪಿತ್ತು, ಆದರೂ ತೆಗೆದೆ.

ಹಾಡು ಎಷ್ಟು ಚಂದ ಬಂತೆಂದರೆ ತಂಗಿ ಅತ್ತೇ ಬಿಟ್ಟಳು. ನಾನು ಚಿತ್ರ ನೋಡಿ ತೃಪ್ತಳಾದೆ. ಬದನೆಕಾಯಿ ಪಲ್ಯ, ರೊಟ್ಟಿ ಉಂಡು ಮಧ್ಯಾಹ್ನದ ಗಾಡಿಗೆ ಬೆಳಗಾವಿಗೆ ಬಂದೆ.

ಸಂಜೆ ಚಹಾ ಕುಡಿಯುತ್ತ ಮನೆಯವರಿಗೆ ಕೇಳಿಸಲು ಕೂತೆ. ಅವರು ಹೆಡ್‌ಫೋನು ಹಾಕಿಕೊಂಡು ಒಂದು ನಿಮಿಷಕ್ಕೇ ಹುಬ್ಬು ಗಂಟಿಕ್ಕಿದರು.

"ಟಕ್ ಅಂತೈತಿ."

"ಏನು?"

"ಹಗ್ಗಾ ಎಳದಾಗೊಮ್ಮೆ ಟಕ್. ಕೇಳಿಲ್ಲಿ."

ಕೇಳಿದೆ. ಆಕೆ ಹಗ್ಗ ಎಳೆಯಲು ಮುಂದಕ್ಕೆ ಬಾಗಿದಾಗೊಮ್ಮೆ, ಸರಿಯಾಗಿ ದನಿ ಏರುವ ಜಾಗದಲ್ಲಿ, ಟಕ್. ಹಾಡಿನ ಉದ್ದಕ್ಕೂ. ಬಳೆಯೇ ಅಂತ ಕೇಳಿದೆ.

"ಗಾಜಲ್ಲ," ಅಂದರು ಅವರು ಕಣ್ಣು ಮುಚ್ಚಿಯೇ. "ಕಬ್ಬಿಣಾ ಅಲ್ಲ. ಹಿತ್ತಾಳಿಗೆ ಇನ್ನಷ್ಟು ಉದ್ದ ನಾದ ಇರತದ. ಇದು ಬೆಳ್ಳಿ. ಒಳಗ ಪೊಳ್ಳಿರೂ ಬೆಳ್ಳಿ."

ಇಬ್ಬರೂ ಒಟ್ಟಿಗೇ ಒಬ್ಬರ ಮುಖ ಒಬ್ಬರು ನೋಡಿದೆವು. ಕರಡಿಗೆ. ಲಿಂಗ ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಡಬ್ಬಿ. ಚಿಗವ್ವ ಅದನ್ನು ಎದೆಯ ಮೇಲೆ ಧರಿಸುತ್ತಾಳೆ, ನಾನು ಮೈಕು ಸಿಕ್ಕಿಸಿದ್ದು ಅದರ ಪಕ್ಕಕ್ಕೇ. ಆಕೆ ಬಾಗಿದರೆ ಅದು ಬಂದು ಮೈಕಿಗೆ ಬಡಿಯುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ವಸ್ತುವಾದ್ದರಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಿ ತೊಟ್ಟ ಗಂಡಸಿನ ಮೇಲೆ ಪರೀಕ್ಷೆ ಮಾಡಿ, ಸೀರೆ ಉಟ್ಟು ಲಿಂಗ ಧರಿಸಿದ ಹೆಂಗಸಿನ ಮುಂದೆ ಹೋಗಿ ಕೂತಿದ್ದೆ. ಹೆಡ್‌ಫೋನು ಕಿವಿಯ ಮೇಲಿದ್ದಿದ್ದರೆ ಮೊದಲ ಎಳೆತಕ್ಕೇ ಗೊತ್ತಾಗುತ್ತಿತ್ತು.

ಬುಧವಾರ ಆಕೆ ದವಾಖಾನೆಗೆ ದಾಖಲಾಗಬೇಕಿತ್ತು. ಮಂಗಳವಾರ ಬೆಳಿಗ್ಗೆ ಮತ್ತೆ ಖಾನಾಪುರಕ್ಕೆ ಓಡಿದೆ. ತಪ್ಪು ಒಪ್ಪಿಕೊಂಡೆ.

ತಂಗಿ ಮೆಲ್ಲಗೆ ಅಂದಳು, "ಯವ್ವಾ, ಅರ್ಧಾ ತಾಸು ಕರಡಿಗಿ ಕೈಗೆ ಕಟ್ಟಿಕೊಂಡ್ರ ಆಗೂದಿಲ್ಲೇನು?"

ಚಿಗವ್ವ ಆಕೆಯನ್ನು ನೋಡಿದ ನೋಟಕ್ಕೆ ನಾನೇ ಹಿಂದೆ ಸರಿದೆ. "ಆಪರೇಷನ್ ಮಾಡೂ ಹೊತ್ತಿಗೆ ಕೈಗೆ ಕಟ್ಟಿಕೋತೀನಂತ ಡಾಕ್ಟರಿಗೆ ಹೇಳೇನಿ. ಅವರು ಕೊಳ್ಳಾ ಕೊಯ್ಯವರದಾರ, ಅವರ ಮಾತು ಬ್ಯಾರೆ. ನೀವೇನ ಕೊಯ್ತೀರಿ?"

ನಾನು ತಲೆ ಎತ್ತಿದೆ. ತೊಲೆಯ ಎರಡನೆಯ ಕೊಂಡಿ ಖಾಲಿ ಇತ್ತು.

ಸ್ಟೂಲು ಹಾಕಿ ಹತ್ತಿದೆ. ತಾನೇ ಹತ್ತುತ್ತೇನೆಂದು ಬಂದ ಬಸುರಿ ತಂಗಿಯನ್ನು ಬೈದು ಕೂಡಿಸಿದೆ. ಮುಂಗಲಿಯ ತುಪ್ಪಳ ಬಿಚ್ಚಿ, ಗನ್ ಮೈಕಿಗೆ ಎರಡು ಕೂದಲ ರಬ್ಬರು ಸುತ್ತಿ, ಹಳೆಯ ಸೀರೆಯ ಮೆತ್ತನೆಯ ಅಂಚಿನಿಂದ ಕೊಂಡಿಗೆ ತೂಗುಬಿಟ್ಟೆ. ಅದರ ಮೂತಿ ಚಿಗವ್ವನ ಬಾಯಿಯ ಕಡೆ, ಒಂದು ಮೊಳ ದೂರ. ಫ್ಯಾನು, ಫ್ರಿಜ್ ಬಂದ್ ಮಾಡಿದೆವು. ಒಲೆಯ ಮೇಲಿನ ಬೇಳೆ ಇಳಿಸಿದೆವು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಮಾವಶಿ, ಮಿಕ್ಸರ್ ಲಾವೂ ಕಾ?" ಅಂತ ಕೇಳಿದಳು. ಮಿಕ್ಸರ್ ಹಚ್ಚಲೇ ಅಂತ. "ಥಾಂಬ ಗ ಬಾಯಿ, ಅರ್ಧಾ ತಾಸು!" ಅಂದಳು ಚಿಗವ್ವ. ಪುಣ್ಯಾತ್ಗಿತ್ತಿ, ಕಾದಳು.

"ಚಿಗವ್ವಾ, ಈ ಸಲ ನಾ ಕಿವಿಗೆ ಹಾಕ್ಕೊಂಡ ಕುಂದರತೀನಿ. ತಪ್ಪ ತಿಳಕೋಬ್ಯಾಡ."

"ಕಿವಿ ಮುಚ್ಚಿಕೊಂಡು ಏನ್ ಕೇಳತಿ?"

ಬಾಯಲ್ಲಿ ಹೇಳುವ ಬದಲು ಹೆಡ್‌ಫೋನನ್ನು ಆಕೆಯ ತಲೆಗೇ ಹಾಕಿದೆ. ಆಕೆಯ ಕಣ್ಣು ಅಗಲವಾಯಿತು. "ನನ್ನ ಉಸರ ಕೇಳತೈತಿ," ಅಂದಳು ಜೋರಾಗಿ, ಕಿವಿ ಮುಚ್ಚಿದವರು ಮಾತಾಡುವ ಹಾಗೆ. ತನ್ನದೇ ಜೋರಿಗೆ ಬೆಚ್ಚಿದಳು. ಮೆಲ್ಲಗೆ ಒಂದು ಸಾಲು ಗುನುಗಿದಳು. ನಿಲ್ಲಿಸಿದಳು. ಮತ್ತೆ ಗುನುಗಿದಳು. ಅದನ್ನು ಹಿಡಿದು ತಿರುಗಿ ಕೇಳಿಸಿದೆ.

"ಇದು ನನ್ನ ದನಿ ಅಲ್ಲ."

"ನಿಂದ ಚಿಗವ್ವಾ. ಎಲ್ಲಾರಿಗೂ ಹಂಗ ಅನಸತೈತಿ."

"ಅಲ್ಲ ಮಗಳ," ಅಂದಳು, ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿಕೊಂಡು. "ಇದು ನಮ್ಮವ್ವನ ದನಿ. ಹಂಗ ಐತಿ. ಹೂಬಹೂ."

ನನ್ನ ಅಜ್ಜಿಯ ದನಿಯನ್ನು ನಾನು ಕೇಳಿದವಳಲ್ಲ. ಆಕೆ ಹೋದಾಗ ನಾನಿನ್ನೂ ಹುಟ್ಟಿರಲಿಲ್ಲ. ಚಿಗವ್ವ ಹೆಡ್‌ಫೋನು ತೆಗೆದು ತಾನೇ ನನ್ನ ತಲೆಗೆ ಹಾಕಿದಳು, ಎಳೆ ಮಕ್ಕಳಿಗೆ ಕುಲಾಯಿ ಹಾಕುವಂತೆ, ಎರಡೂ ಕಿವಿ ಸರಿಯಾಗಿ ಮುಚ್ಚಿದವೋ ನೋಡಿ. ಹಗ್ಗ ಹಿಡಿದಳು.

ಮೊದಲು ಕನ್ನಡದ ನುಡಿ, ಆಮೇಲೆ ಮರಾಠಿಯದು. ಹುಟ್ಟದ ಕೂಸಿಗೆ ಏನೆಂದು ಹೇಳುವುದು? ಅದರ ಅವ್ವ ಮೆಟ್ಟಿಲಲ್ಲಿ ಕೂತು ಹುಳಿ ಮಾವಿನಕಾಯಿ ತಿಂದದ್ದನ್ನು ಹೇಳಿದಳು. ಪಕ್ಕದ ಮನೆಯಾಕೆ ಮಿಕ್ಸರ್ ಹಚ್ಚದೆ ಕಾದದ್ದನ್ನೂ ಆಗಿಂದಾಗಲೇ ಸೇರಿಸಿದಳು. ಟಕ್ ಇರಲಿಲ್ಲ. ದನಿ ಏರುವಲ್ಲಿ ಪೂರ್ತಿ ಏರಿತು. ಕೊನೆಗೆ ಸ್ಟೇಷನ್ನಿನಿಂದ ಗಾಡಿಯೊಂದು ಸಿಳ್ಳು ಹಾಕಿತು. ಆಕೆ ಅದು ನಿಲ್ಲುವವರೆಗೆ ಹಗ್ಗವನ್ನಷ್ಟೇ ಎಳೆಯುತ್ತಿದ್ದು, ನಿಂತ ಮೇಲೆ ಕೊನೆಯ ಸಾಲು ಹಾಡಿದಳು. ಆಕೆಗೆ ಯಾರೂ ಇದನ್ನು ಕಲಿಸಿರಲಿಲ್ಲ.

ಆಪರೇಷನ್ ಚಲೋ ಆಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನಿ ಮಾತ್ರ ಕೂತಿತು. ಒಂದು ತಿಂಗಳು ಬರೀ ಪಿಸುಮಾತು, ಆಮೇಲೆ ಬಂದದ್ದು ಒಂದು ದಪ್ಪನೆಯ, ಗೊಗ್ಗರು ದನಿ. ಮೇಲಿನ ಸ್ವರ ಬರಲಿಲ್ಲ. ನೋಡಲು ಹೋದಾಗ, "ಗಂಡಸಾದೆ ನೋಡು," ಅಂತ ಆಕೆಯೇ ನಗೆಯಾಡಿದಳು.

ತಂಗಿಗೆ ಹೆಣ್ಣು ಕೂಸಾಯಿತು. ತೊಟ್ಟಿಲಿಗೆ ಹಾಕುವ ದಿನ ಪಡಸಾಲೆ ತುಂಬ ಓಣಿಯ ಹೆಂಗಸರು. ಎರಡೂ ಕೊಂಡಿಗೆ ತೊಟ್ಟಿಲು ಕಟ್ಟಿತ್ತು, ಆದ್ದರಿಂದ ಗನ್ ಮೈಕನ್ನು ನಾನು ಕೈಯಲ್ಲೇ ಹಿಡಿದಿದ್ದೆ. ಸ್ಪೀಕರಿಗೆ ಜೋಗುಳ ಹಚ್ಚಿದೆ. ಆ ಹಳೆಯ ದನಿ ಎದ್ದದ್ದೇ ಹೆಂಗಸರೆಲ್ಲ ಸೊಲ್ಲು ಹಿಡಿದು ತಾವೂ ಸೇರಿದರು. ಮಿಕ್ಸರಿನ ಸಾಲು ಬಂದಾಗ ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಚ್ಚಿಕೊಂಡಳು. ಚಿಗವ್ವ ಹಗ್ಗ ಎಳೆಯುತ್ತಿದ್ದಳು, ದನಿಗೆ ಒಂದು ಕೂದಲೆಳೆಯೂ ತಪ್ಪದಂತೆ. ಬಾಯಿ ಅಲುಗುತ್ತಿತ್ತು. ಸುಮ್ಮನೆ ತುಟಿ ಆಡಿಸುತ್ತಿದ್ದಾಳೆ ಅಂದುಕೊಂಡು ಮೈಕನ್ನು ಆಕೆಯ ಕಡೆ ತಿರುಗಿಸಿದೆ.

ಸ್ಪೀಕರಿನ ಗದ್ದಲದ ಅಡಿಯಲ್ಲಿ, ನನ್ನ ಹೆಡ್‌ಫೋನಿನಲ್ಲಿ, ಇನ್ನೊಂದು ದನಿ ಇತ್ತು. ಗೊಗ್ಗರು, ಒಂದು ಮೆಟ್ಟಿಲು ಕೆಳಗೆ, ಮೇಲಿನ ದನಿಗೆ ಹೆಗಲು ಕೊಟ್ಟಂತೆ ನಡೆಯುತ್ತಿತ್ತು. ಜತೆಗೆ ಆಕೆ ಬಾಗಿದಾಗೊಮ್ಮೆ ಕರಡಿಗೆ ಬಳೆಗೆ ತಾಗುವ ಟಕ್. ಕೋಣೆಯಲ್ಲಿದ್ದ ಇನ್ನಾರಿಗೂ ಅದು ಕೇಳಿಸಿರಲಿಕ್ಕಿಲ್ಲ. ಕೂಸಿಗೆ ಕೇಳಿಸಿತೋ ಏನೋ. ಅದು ಆಕೆಯ ಮೊಣಕಾಲಿಗೆ ಹತ್ತಿರವಿತ್ತು.

ಕಾಲರ್ ಮೈಕನ್ನು ಹಿಂದಿರುಗಿಸಲು ಅಂಗಡಿಗೆ ಹೋದೆ. ಸಂಜೆಯೇ ಆಗಿತ್ತು, ಕೌಂಟರಿನ ಮೇಲೆ ಡಬ್ಬಿ ಇತ್ತು, ಇನ್ನೂ ಬಿಚ್ಚಿರಲಿಲ್ಲ. ಎರಡೇ ನಿಮಿಷ ಅಂತ ಹೇಳಿ ನಾಮಕರಣದ ಜೋಗುಳ ಹಚ್ಚಿಕೊಟ್ಟೆ. ಅವರು ಹೆಡ್‌ಫೋನು ಹಾಕಿ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಾದ ಮೇಲೆ, "ಕೆಳಗಿನ ದನಿ ಯಾರದ್ರೀ?" ಅಂದರು.

"ಅವರದರೀ. ಎರಡೂ ಅವರದ."

ಅವರು ಕಣ್ಣು ತೆರೆಯಲಿಲ್ಲ. ಮುಗಿದ ಮೇಲೆ, ಇನ್ನೊಮ್ಮೆ ಹಚ್ಚಿ ಎಂದು ಬೆರಳಿನಿಂದ ತೋರಿಸಿದರು. ಮರಾಠಿಯ ನುಡಿ ಬಂದಾಗ ತಲೆದೂಗಿದರು. ಎದುರಿನ ಕಟ್ಟಡದ ನೆತ್ತಿಯಿಂದ ಬಿಸಿಲು ಜಾರಿತು. ಹೇಳಲೋ ಬೇಡವೋ ಎಂದು ನಾನು ಒದ್ದಾಡಿದೆ. ಕೇಳುತ್ತಿರುವವರನ್ನು ತಡೆಯುವುದು ಹೇಗೆ? ಅವರು ಹೆಡ್‌ಫೋನು ಇಳಿಸಿದಾಗ ರಸ್ತೆಯ ದೀಪ ಹತ್ತಿದ್ದವು. ಬಾಗಿಲ ಕಡೆ ಒಮ್ಮೆ ನೋಡಿದರು. ಬಿಚ್ಚದ ಡಬ್ಬಿಯನ್ನು ತಿರುಗಿ ಚೀಲಕ್ಕೆ ಹಾಕಿದರು.

"ಅಯ್ಯ, ನಿಮ್ಮ ಊಟ ತಪ್ಪಿಸಿದೆನಲ್ಲರಿ," ಅಂದೆ.

"ಇರ್‍ಲಿ ಬಿಡ್ರಿ ಅಕ್ಕಾರ," ಅಂದರು. ಹೆಡ್‌ಫೋನಿನ ತಂತಿಯನ್ನು ಸುತ್ತಿ, ಗಂಟು ಬೀಳದಂತೆ, ನನ್ನ ಕೈಗಿಟ್ಟರು.